ಬೆಟ್ಟದ ಮೇಲಿನ ಸ್ಟೇಡಿಯಮ್ಮಿನವನು

ಹೇವರ್ಡ್‌ನ ನಮ್ಮ ಆಫೀಸಿನ ಸೆಕ್ಯೂರಿಟಿಯವನು ಆಂಡೀಸ್ ಪರ್ವತದ ಮೇಲಿನ ಊರಿನವನು. ಮೆಟ್ಟಿಲಲ್ಲಿ ಯಾರು ಓಡಿದರೂ "ನಿಧಾನ, ಗಾಳಿ ಕಮ್ಮಿ ಇದೆ" ಅನ್ನುತ್ತಿದ್ದ. ಅವನೂರಿನ ಫುಟ್‌ಬಾಲ್ ಸ್ಟೇಡಿಯಮ್ಮಿಗೆ ಅವನಜ್ಜ ಕಲ್ಲು ಹೊತ್ತಿದ್ದನಂತೆ. ಅಪ್ಪನ ಕಾಲಕ್ಕೆ ಅದನ್ನು ಕೆಡವಿ ಕಾಂಕ್ರೀಟಿನಲ್ಲಿ ಕಟ್ಟಿದರಂತೆ.

"ಎಷ್ಟು ಸಲ ಕಟ್ಟಿದರೂ ಗಾಳಿ ಅಷ್ಟೇ. ಹೊರಗಿನ ಟೀಮು ಉಸಿರಿಗೆ ಒದ್ದಾಡುತ್ತೆ, ನಾವು ಆಡ್ತಾನೇ ಇರ್ತೀವಿ."

ಡಾಟ್‌ಕಾಮ್ ಕಂಪನಿಗಳು ಮುಳುಗಿದ ವರ್ಷ ಒಂದು ಬೆಳಿಗ್ಗೆ, ಕೆಲಸ ಹೋದವರನ್ನು ಒಬ್ಬೊಬ್ಬರಾಗಿ ಬಾಗಿಲಾಚೆ ಬಿಟ್ಟುಬರಲು ಅವನಿಗೆ ಹೇಳಿದ್ದರು. ನಾವೆಲ್ಲ ಸೀಟಿನಲ್ಲಿ ಕೂತು ಅವನ ಬೂಟಿನ ಸದ್ದನ್ನೇ ಕೇಳುತ್ತಿದ್ದೆವು. ಕೆಲಸ ಹೋದರೆ ವೀಸಾನೂ ಹೋಗಿ ಈ ದೇಶವನ್ನೇ ಬಿಡಬೇಕಿತ್ತು ನಾನು. ಮಧ್ಯಾಹ್ನದ ಹೊತ್ತಿಗೆ ಸದ್ದು ನನ್ನ ಪಕ್ಕದಲ್ಲೇ ನಿಂತಿತು. ಅವನು ನನ್ನ ಮೇಜು ಹಿಡಿದುಕೊಂಡಿದ್ದ. ಕಡಲಿನ ಮಟ್ಟದ ಈ ಊರಿನಲ್ಲಿ, ಆ ಬೆಟ್ಟದವನಿಗೆ ಉಸಿರು ಸಿಗುತ್ತಿರಲಿಲ್ಲ.

"ನಿಧಾನ" ಅಂತ ನಾನೇ ಹೇಳಿ, ನನ್ನ ಚೀಲ ತಗೊಂಡು ಎದ್ದೆ.