ಗಿರಿಜೆಯಾಗಿ ಬರುತ್ತಿದ್ದ ನರ್ಸಮ್ಮ

ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕುತ್ತಿದ್ದರು ನರ್ಸಮ್ಮ. ಎಡಗಾಲಿನ ಕಿರುಬೆರಳಿಗೆ ಆಣಿಯಾಗಿತ್ತೆಂದು ಬೂಟಿನ ಆ ಜಾಗವನ್ನು ಬ್ಲೇಡಿನಿಂದ ಕೊಯ್ದು ಸಣ್ಣ ಕಿಂಡಿ ಮಾಡಿಕೊಂಡಿದ್ದರು. ಹೊಸಪೇಟೆಯಲ್ಲಿ ನಮ್ಮ ಮನೆಯೆದುರಿನ ಒಂದೇ ಕೋಣೆಯ ಮನೆ ಅವರದು. ಸಂಡೂರಿನ ಕಡೆ ಗಣಿ ಕಾರ್ಮಿಕರ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಭಾನುವಾರ ಚರ್ಚು ಬಿಟ್ಟರೆ ಬೇರೆಲ್ಲೂ ಹೋಗಿದ್ದನ್ನು ನಾನು ಕಾಣೆ.

ನಮ್ಮ ಮನೆಯಲ್ಲಿ ಇದ್ದದ್ದು ಅಪ್ಪ ಮತ್ತು ನಾನು. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ ಅಪ್ಪನಿಗೆ ಮರೆವಿನ ಕಾಯಿಲೆ ಹತ್ತಿತ್ತು. ಒಮ್ಮೆ ಬಸ್ ಸ್ಟ್ಯಾಂಡಿನವರೆಗೆ ಹೋಗಿ ತಪ್ಪಿಸಿಕೊಂಡ ಮೇಲೆ, ಹೊರಗಿನಿಂದ ಕೀಲಿ ಹಾಕಿ ಕಚೇರಿಗೆ ಹೋಗುತ್ತಿದ್ದೆ. ಒಂದು ದಿನ ನರ್ಸಮ್ಮ ರಸ್ತೆ ದಾಟಿ ಬಂದು ಕೈಚಾಚಿದರು.

“ಕೀಲಿ ನನ್ ಕಡೆ ಕೊಟ್ಟು ಹೋಗವ್ವ. ಒಳಗ ಬಾಗ್ಲಾ ಬಡೀತಿರ್ತಾರ, ಕೇಳಾಕ ಆಗಂಗಿಲ್ಲ.”

ನನಗೆ ನಾಚಿಕೆಯಾಯಿತು. ಅವರನ್ನು ಒಳಗೆ ಕರೆದುಕೊಂಡು ಹೋದೆ. ಅಪ್ಪ ಕಣ್ಣು ಕಿರಿದು ಮಾಡಿ ನೋಡಿ, “ಗಿರಿಜಾ, ಬಂದೀ ಏನು?” ಎಂದ.

ಗಿರಿಜಾ ಅಪ್ಪನ ತಂಗಿ. ಮೆಚ್ಚಿದವನನ್ನು ಮದುವೆಯಾದಳೆಂದು ಅಪ್ಪ ಅವಳಿಗೆ ಬಾಗಿಲು ಮುಚ್ಚಿದ್ದ. ಬಂಡ್ರಿಯಲ್ಲಿ ಅವಳು ತೀರಿಕೊಂಡಾಗ ಮುಖ ನೋಡಲೂ ಹೋಗಿರಲಿಲ್ಲ. ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ನರ್ಸಮ್ಮ ನನ್ನ ಮುಖ ನೋಡಿದರು. “ಅಪ್ಪನ ತಂಗಿ, ತೀರ್ಕೊಂಡಾಳ” ಎಂದು ಪಿಸುಗುಟ್ಟಿದೆ. ಆಮೇಲೆ “ಬಂದೀನಣ್ಣ” ಎಂದು ಮಂಚದ ಪಕ್ಕ ಕೂತರು.

ಅಂದಿನಿಂದ ದಿನಾ ಬಂದರು. ಗಂಜಿ ಕುಡಿಸುತ್ತಿದ್ದರು, ಉಗುರು ತೆಗೆಯುತ್ತಿದ್ದರು, ಒದ್ದೆಯಾದ ಪಂಚೆ ಬದಲಿಸುತ್ತಿದ್ದರು. ಒಂದು ಮಧ್ಯಾಹ್ನ ನಾನು ಬೇಗ ಬಂದಾಗ ಅವರು ಗೇಟಿನ ಹೊರಗೆ ಉರಿಬಿಸಿಲಲ್ಲಿ ನಿಂತಿದ್ದರು. ಒಳಗಿನಿಂದ ಅಪ್ಪನ ದನಿ: “ಮನಿ ಮರ್ಯಾದಿ ತೆಗೆದಾಕಿ, ಮತ್ತ ಒಳಗ ಕಾಲಿಡಬ್ಯಾಡ!”

“ಸ್ವಲ್ಪ ಹೊತ್ತಿಗೆ ಮರೀತಾರ. ಆಗ ಹೋಗ್ತೀನಿ” ಎಂದರು ನರ್ಸಮ್ಮ.

“ನಾ ಗಿರಿಜಾ ಅಲ್ಲ ಅಂತ ಹೇಳಿಬಿಡ್ರಿ. ಆಕಿ ಬೈಗುಳ ನಿಮಗ್ಯಾಕ?” ಎಂದೆ ನಾನು.

“ಯೇಸುಸ್ವಾಮಿ ನಮ್ಮ ಪಾಪ ಎಲ್ಲಾ ಹೊತ್ತಾನಂತ ಭಾನುವಾರ ಹಾಡ್ತೀನಿ. ಸೋಮವಾರ ನಾ ಒಂದ್ ಬೈಗುಳ ಹೊರಬಾರ್ದೇನವ್ವ?” ಎಂದು ಸೆರಗಿನಿಂದ ಕತ್ತು ಒರೆಸಿಕೊಂಡರು.

ಬೈಗುಳ ನಿಂತು ಅಳು ಶುರುವಾಗಲು ಇನ್ನೊಂದು ವರ್ಷ ಹಿಡಿಯಿತು. ಅಪ್ಪ ಅವರ ಎರಡೂ ಕೈ ಹಿಡಿದು, “ತಪ್ಪಾತು ತಂಗಿ, ತಪ್ಪಾತು” ಎಂದು ಮಗುವಿನಂತೆ ಅತ್ತ.

“ಬಿಡಣ್ಣ, ನನ್ ಮನಸಿನ್ಯಾಗ ಏನೂ ಇಲ್ಲ.”

ಅಡುಗೆಮನೆಯಲ್ಲಿ ನಾನು ಕೇಳಿದೆ: “ಇದು ಸುಳ್ಳಾಗಂಗಿಲ್ಲೇನ್ರಿ?”

“ನನ್ ಮನಸಿನ್ಯಾಗ ಖರೇನ ಏನೂ ಇಲ್ಲಲ್ಲ” ಎಂದು ನಕ್ಕರು. ಆಮೇಲೆ ಲೋಟ ತೊಳೆಯುತ್ತಾ ಸಣ್ಣ ದನಿಯಲ್ಲಿ, “ನನಗರ ಅಣ್ಣ ಅನ್ನಾಕ ಯಾರದಾರವ್ವ?” ಎಂದರು. ಅಷ್ಟು ವರ್ಷಗಳಲ್ಲಿ ಅವರು ತಮ್ಮ ಬಗ್ಗೆ ಆಡಿದ ಮಾತು ಅದೊಂದೇ.

ಹೋದ ಬೇಸಿಗೆಯಲ್ಲಿ ಮೂರು ದಿನ ಅವರು ಬರಲಿಲ್ಲ. ರಜೆ ಹಾಕಬೇಕಾಯಿತಲ್ಲ ಎಂದು ನಾನು ಸಿಡುಕಿದೆ. ರಸ್ತೆ ದಾಟಿ ಹೋಗಿ ನೋಡಲಿಲ್ಲ. ನಾಲ್ಕನೆಯ ದಿನ ಚರ್ಚಿನ ಹೆಂಗಸರು ಬಂದು ಬಾಗಿಲು ತೆಗೆಸಿ, ಜ್ವರದಲ್ಲಿ ಬಿದ್ದಿದ್ದವರನ್ನು ಆಸ್ಪತ್ರೆಗೆ ಒಯ್ದರು. ಸಂಜೆಗೆ ತೀರಿಕೊಂಡರು. ಇದನ್ನು ಬರೆಯುವಾಗಲೂ ನನಗೆ ತಲೆ ಎತ್ತಲಾಗುತ್ತಿಲ್ಲ.

ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲದೆ ಅಪ್ಪನನ್ನೂ ಆಟೋದಲ್ಲಿ ಕೂರಿಸಿಕೊಂಡು ಮಣ್ಣಿಗೆ ಹೋದೆ. ಪ್ರಾರ್ಥನೆ ಮುಗಿದ ಮೇಲೆ ಪಾಸ್ಟರ್, “ಇವರ ಕಡೆಯವರು ಯಾರಾದರೂ ಇದ್ದೀರಾ?” ಎಂದು ಕೇಳಿದರು. ಹಣೆಯ ತುಂಬ ವಿಭೂತಿ ಧರಿಸಿದ್ದ ಅಪ್ಪ ನನ್ನ ಕೈ ಬಿಡಿಸಿಕೊಂಡು ಮುಂದೆ ಹೋದ.

“ನನ್ ತಂಗಿ” ಎಂದ.

ಪಾಸ್ಟರ್ ದಾರಿ ಬಿಟ್ಟರು. ಮೊದಲ ಹಿಡಿ ಮಣ್ಣು ಹಾಕಿದ್ದು ಅಪ್ಪನೇ.

ಮರುದಿನ ನಾನು ಗಂಜಿ ತಗೊಂಡು ಮಂಚದ ಪಕ್ಕ ಕೂತೆ. ಅಪ್ಪ ಬಹಳ ಹೊತ್ತು ನನ್ನ ಮುಖ ನೋಡಿದ. “ನೀ ಯಾರವ್ವ?” ಎಂದು ಕೇಳಿದ.

ನಿನ್ನ ಮಗಳು ಎನ್ನಲು ಹೊರಟೆ. ನುಂಗಿಕೊಂಡೆ.

“ಯಾರರ ಆಗ್ಲಿ ಬಿಡಪ್ಪ, ಗಂಜಿ ಕುಡಿ” ಎಂದು ಚಮಚ ಎತ್ತಿದೆ.