ಮಗು ಸುಸ್ಸು ಮಾಡುವವರೆಗೆ ಸುಬ್ಬಮ್ಮ ಏಳುವುದಿಲ್ಲ

ಚಾಮರಾಜಪೇಟೆಯ ಅಡ್ಡರಸ್ತೆಯಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಹಾಲಿನ ಬೂತಿನ ಮುಂದೆ ಕ್ರೇಟು ಇಳಿಸುವ ಸದ್ದು, ಅದರ ಜೊತೆಗೇ ಒಂದು ಮಗುವಿನ ಅಳು. ಅಳು ಬರುತ್ತಿರುವುದು ಮಕ್ಕಳ ಆಸ್ಪತ್ರೆಯೊಂದರ ನೆಲಮಹಡಿಯ ಕೊನೆಯ ಕೋಣೆಯಿಂದ. ಒಳಗೆ ಗಿಡ್ಡ ಸ್ಟೂಲಿನ ಮೇಲೆ ಸುಬ್ಬಮ್ಮ ಕೂತಿದ್ದಾರೆ. ಎದುರಿಗೆ ತಾಯಿಯ ತೊಡೆಯ ಮೇಲೆ ಏಳೆಂಟು ತಿಂಗಳ ಗಂಡುಮಗು, ಮೈಮೇಲೆ ಅಂಗಿ ಮಾತ್ರ. ಸುಬ್ಬಮ್ಮನ ಎಡಗೈಯಲ್ಲಿ ತಣ್ಣೀರಲ್ಲಿ ಅದ್ದಿದ ಹತ್ತಿ, ಬಲಗೈಯಲ್ಲಿ ಮುಚ್ಚಳ ತೆಗೆದ ಪುಟ್ಟ ಡಬ್ಬಿ. ಹತ್ತಿಯಿಂದ ಮಗುವಿನ ಕಿಬ್ಬೊಟ್ಟೆಯನ್ನು ಮೆಲ್ಲಗೆ ಸವರುತ್ತಾ "ಶ್‌ಶ್‌ಶ್‌, ಮಾಡ್ಬಿಡು ನನ್ನಪ್ಪ, ಮಾಡ್ಬಿಡು ರಾಜ" ಎನ್ನುತ್ತಿದ್ದಾರೆ. ಕಣ್ಣು ಅತ್ತಿತ್ತ ಕದಲುವ ಹಾಗಿಲ್ಲ. ಕದಲಿತೋ, ಅಷ್ಟು ಹೊತ್ತು ಕಾದಿದ್ದು ನೆಲದ ಪಾಲು.

ಕೊನೆಗೂ ಬರುತ್ತದೆ. ಮೊದಲ ಧಾರೆಯನ್ನು ಹೋಗಲು ಬಿಡುತ್ತಾರೆ, ನಡುವಿನದನ್ನು ಡಬ್ಬಿಗೆ ಹಿಡಿಯುತ್ತಾರೆ, ಉಳಿದದ್ದು ಅವರ ಸೀರೆಗೆ. ತಾಯಿ ಅಯ್ಯೋ ಅಯ್ಯೋ ಎಂದು ಒರೆಸಲು ಬಂದರೆ ಸುಬ್ಬಮ್ಮ ತಡೆಯುತ್ತಾರೆ. "ಬಿಡಮ್ಮ, ಮಕ್ಕಳದ್ದು ಏನಂತೆ. ದಿನಾ ಎರಡು ಸೀರೆ ತಂದಿರ್ತೀನಿ ನಾನು."

ಇವರ ಕೆಲಸ ಇಷ್ಟೇ. ಕೇಳಿದವರು ಮುಖ ತಿರುಗಿಸಿ ನಗುತ್ತಾರೆ. ನಗಲಿ. ಆದರೆ ಈ ಡಬ್ಬಿಯಲ್ಲಿ ಬೀಳುವುದು ಸರಿಯಾಗಿ ಬೀಳದಿದ್ದರೆ ಮೇಲಿನ ಮಹಡಿಯ ಡಾಕ್ಟರು, ಲ್ಯಾಬು, ಔಷಧಿ ಎಲ್ಲವೂ ಕತ್ತಲಲ್ಲಿ ಕೈಯಾಡಿಸಬೇಕಾಗುತ್ತದೆ. ಮೂತ್ರದ ಸೋಂಕು ದೊಡ್ಡವರಿಗೆ ಬಂದರೆ ಉರಿ ಎಂದು ಬಾಯಿಬಿಟ್ಟು ಹೇಳುತ್ತಾರೆ. ಕೂಸಿಗೆ ಬಂದರೆ ಬರೀ ಜ್ವರ. ನೆಗಡಿ ಇಲ್ಲ, ಕೆಮ್ಮು ಇಲ್ಲ. ಹೆಚ್ಚೆಂದರೆ ವಾಂತಿ, ಹಾಲು ಬೇಡ, ಎತ್ತಿಕೊಂಡರೂ ಅಳು. ಮನೆಯವರು ಹಲ್ಲು ಬರ್ತಿದೆ ಅಂತಾರೆ, ದೃಷ್ಟಿ ಆಗಿದೆ ಅಂತಾರೆ, ಎಲ್ಲಕ್ಕಿಂತ ಹೆಚ್ಚಾಗಿ ಉಷ್ಣ ಅಂತಾರೆ. ಅಂಗಾಲಿಗೆ ಹರಳೆಣ್ಣೆ ತಿಕ್ಕಿ, ಎಳನೀರು ಕುಡಿಸಿ, ಇನ್ನೆರಡು ದಿನ ನೋಡೋಣ ಅಂತಾರೆ. ಆ ಎರಡು ದಿನದಲ್ಲಿ ಸೋಂಕು ಮೇಲೇರಿ ಕಿಡ್ನಿ ಮುಟ್ಟಿರುತ್ತದೆ.

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹತ್ತು ಹನ್ನೆರಡು ಮಕ್ಕಳು ಈ ಕೋಣೆಗೆ ಬರುತ್ತಾರೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಕೆಲವರು ಕೂತ ತಕ್ಷಣ ಮುಗಿಸುತ್ತಾರೆ. ಕೆಲವರು ಜಪ್ಪಯ್ಯ ಅಂದರೂ ಬಿಡುವುದಿಲ್ಲ.

ಇವತ್ತು ಅಂಥ ಒಬ್ಬಳು ಬಂದಿದ್ದಾಳೆ. ಆರಾಧನಾ, ಮೂರು ತುಂಬಿದ ಹುಡುಗಿ, ಗಾಂಧಿ ಬಜಾರಿನ ಹಿಂದಿನ ಬೀದಿಯವಳು. ಮೈ ಕೆಂಡದ ಹಾಗೆ ಸುಡುತ್ತಿದೆ, ತುಟಿ ಒಣಗಿದೆ. ಎತ್ತಿಕೊಂಡು ಬಂದಿರುವುದು ತಾಯಿ ಮಾಧವಿ. ಬ್ಯಾಂಕಿನ ಕೆಲಸ, ನಿದ್ದೆಗೆಟ್ಟ ಕಣ್ಣು. ಹಿಂದೆ ಮಾಧವಿಯ ಅತ್ತೆ ಸುಭದ್ರಾಬಾಯಿ. ಎಪ್ಪತ್ತರ ಆಸುಪಾಸು, ಒಂಬತ್ತು ಗಜದ ಸೀರೆ. ಗೋಡೆ ತಾಕದಂತೆ, ಬಾಗಿಲು ತಾಕದಂತೆ, ಸೆರಗು ಬಿಗಿಹಿಡಿದು ಹೊಸ್ತಿಲಾಚೆಯೇ ನಿಂತಿದ್ದಾರೆ.

ಈ ವರ್ಷದಲ್ಲಿ ಆರಾಧನಾಗೆ ಇದು ನಾಲ್ಕನೇ ಜ್ವರ. ಹಿಂದಿನ ಮೂರು ಸಲವೂ ಮನೆ ಹತ್ತಿರದ ಲ್ಯಾಬಿಗೆ ಕೊಟ್ಟ ಮೂತ್ರ ಪ್ರಯೋಜನಕ್ಕೆ ಬರಲಿಲ್ಲ. ಮಕ್ಕಳನ್ನು ಕೂರಿಸುವ ಪ್ಲಾಸ್ಟಿಕ್ ಪಾಟಿಯಲ್ಲಿ ಮಾಡಿಸಿ ಡಬ್ಬಿಗೆ ಬಗ್ಗಿಸಿಕೊಂಡು ಹೋಗಿದ್ದರು, ಅದರಲ್ಲಿ ಹತ್ತಾರು ಥರದ ಕ್ರಿಮಿ. ಯಾವುದು ಮಗುವಿನದು, ಯಾವುದು ಪಾಟಿಯದು ಎಂದು ಯಾರಿಗೂ ಗೊತ್ತಾಗಲಿಲ್ಲ. ಅಂದಾಜಿನ ಮೇಲೆ ಸಿರಪ್ ಕೊಟ್ಟರು. ಜ್ವರ ಇಳಿಯಿತು, ಮತ್ತೆ ಬಂತು. ನಿನ್ನೆ ಸ್ಕ್ಯಾನ್ ಮಾಡಿಸಿದರೆ ಎಡಗಡೆಯ ಕಿಡ್ನಿ ವಯಸ್ಸಿಗಿಂತ ಚಿಕ್ಕದಾಗಿ ಕಂಡಿದೆ.

"ಬಲಗಡೆಯದನ್ನಾದರೂ ನಾವು ಉಳಿಸ್ಕೋಬೇಕು" ಎಂದು ಡಾಕ್ಟರ್ ವರದರಾಜ ಮಾಧವಿಗೆ ನೇರವಾಗಿಯೇ ಹೇಳಿದ್ದಾರೆ. "ಸರಿಯಾದ ಸ್ಯಾಂಪಲ್ ಹಿಡಿಯದೆ ಇನ್ನೊಂದ್ಸಲ ಔಷಧಿ ಶುರು ಮಾಡೋದು ಬೇಡ, ಯಾವ ಕ್ರಿಮಿ ಅಂತ ಆಮೇಲೆ ಗೊತ್ತಾಗಲ್ಲ. ಆದ್ರೆ ಜ್ವರ ಹೀಗಿರೋವಾಗ ತುಂಬಾ ಹೊತ್ತು ಕಾಯೋಕೂ ಆಗಲ್ಲ. ಸುಬ್ಬಮ್ಮನ ಹತ್ರ ಕೂರಿಸಿ. ಬರಲಿಲ್ಲ ಅಂದ್ರೆ ಟ್ಯೂಬ್ ಹಾಕಿ ತೆಗೀತೀವಿ."

ಟ್ಯೂಬ್ ಎಂದರೆ ಸುಬ್ಬಮ್ಮನಿಗೆ ಆಗದು. ತಪ್ಪು ಎಂದಲ್ಲ, ಎಷ್ಟೋ ಮಕ್ಕಳಿಗೆ ಅದೇ ದಾರಿ. ಆದರೆ ಹಿಡಿದುಕೊಳ್ಳಲು ಕರೆಯುವುದು ಇವರನ್ನೇ. "ಕಾಲು ಹಿಡ್ಕೊಂಡಿರ್ತೀನಲ್ಲ, ಆ ಮಕ್ಕಳು ಡಾಕ್ಟ್ರನ್ನ ನೋಡಲ್ಲ, ನನ್ನನ್ನೇ ನೋಡ್ತವೆ. ಅಜ್ಜಿ ಅಜ್ಜಿ ಅಂತ ನನ್ನನ್ನೇ ಕರೀತವೆ. ಅವತ್ತು ಊಟ ಸೇರಲ್ಲ ನಂಗೆ."

ಮಾಗಡಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಕಾಟನ್‌ಪೇಟೆಗೆ ಬಂದವರು ಸುಬ್ಬಮ್ಮ. ಗಂಡ ಹೋಲ್‌ಸೇಲ್ ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದ, ಬೇಗ ಹೋಗಿಬಿಟ್ಟ. ನೆಲ ಒರೆಸಲು ಆಸ್ಪತ್ರೆಗೆ ಸೇರಿದವರ ಕೈಗೆ ನರ್ಸೊಬ್ಬರು ಒಂದು ದಿನ, "ಸ್ವಲ್ಪ ಈ ಮಗು ಹತ್ರ ಕೂತಿರಮ್ಮ" ಎಂದು ಡಬ್ಬಿ ಕೊಟ್ಟು ಹೋದರು. ಅಂದಿನಿಂದ ಡಬ್ಬಿ ಕೈಬಿಟ್ಟಿಲ್ಲ. ಕಂಟ್ರ್ಯಾಕ್ಟ್ ಕಂಪನಿಗಳು ಬಂದವು, ಹೋದವು. ಇವರ ಗುರುತಿನ ಚೀಟಿಯಲ್ಲಿ ಈಗಲೂ ಹೌಸ್‌ಕೀಪಿಂಗ್ ಎಂದೇ ಇದೆ. ಮಗುವಿನ ಮುಂದೆ ಕೂತರೆ ಎದ್ದು ಹೋಗುವಂತಿಲ್ಲವಾದ್ದರಿಂದ ಇವರು ಬೆಳಿಗ್ಗೆ ಕಾಫಿ ಕುಡಿಯುವುದಿಲ್ಲ, ನೀರನ್ನೂ ಮುಟ್ಟುವುದಿಲ್ಲ. ಪರಿಣಾಮ ಏನೆಂದು ಇವರಿಗೂ ಗೊತ್ತು. ವರ್ಷಕ್ಕೆರಡು ಸಲ ತಾವೇ ಉರಿ ತಾಳಲಾರದೆ ಡಾಕ್ಟರ ಮುಂದೆ ನಿಲ್ಲುತ್ತಾರೆ, ಬೈಸಿಕೊಂಡು ಬರುತ್ತಾರೆ.

ಮಗಳು ತೇಜಶ್ರೀಯ ವಿಷಯವನ್ನು ಸುಬ್ಬಮ್ಮ ತಾವಾಗೇ ಹೇಳುತ್ತಾರೆ. "ಚಿಕ್ಕೋಳಿದ್ದಾಗ ಪದೇ ಪದೇ ಜ್ವರ ಬರೋದು. ಉಚ್ಚೆ ಮಾಡೋವಾಗ ಕಿರುಚೋಳು. ಉಷ್ಣ ಅಂದ್ಕೊಂಡೆ. ಎಲ್ರೂ ಅಂಗೇ ಅಂದ್ರು. ನೆತ್ತಿಗೆ ಎಣ್ಣೆ ಬಡಿದೆ, ಕಾಮಕಸ್ತೂರಿ ನೆನೆಸಿ ಕುಡಿಸ್ದೆ. ನಿಂತೋಯ್ತು. ವಾಸಿ ಆಯ್ತು ಅಂತ ದೇವರಿಗೆ ಕಾಯಿ ಒಡೆಸ್ದೆ. ಮದುವೆಗೆ ನೋಡೋ ವಯಸ್ಸಲ್ಲಿ ಕಾಲು ಊದ್ಕೊಳ್ತು. ತೋರಿಸಿದ್ರೆ ಎರಡೂ ಕಿಡ್ನಿ ಒಣಗೋಗಿದಾವೆ ಅಂದ್ರು." ತೇಜಶ್ರೀಗೆ ಈಗ ವಾರಕ್ಕೆರಡು ದಿನ ಡಯಾಲಿಸಿಸ್. ಮನೆಯಿಂದ ಹೊರಡುವ ಮುಂಚೆ ಇನ್ನೂ ಮಲಗಿರುವ ಮಗಳ ಕಾಲನ್ನು ಒತ್ತಿ ನೋಡುತ್ತಾರೆ ಸುಬ್ಬಮ್ಮ. ಊತ ಕಡಿಮೆಯಿದ್ದರೆ ಅದೇ ಆ ದಿನದ ಸಂತೋಷ.

ಇತ್ತ ಆರಾಧನಾ ಪಾಟಿಯ ಮೇಲೆ ಕೂತು ಎಷ್ಟೋ ಹೊತ್ತಾಯಿತು. ಬಿಸಿನೀರಲ್ಲಿ ತೊಳೆದು ಒರೆಸಿದ್ದಾಗಿದೆ. ನಲ್ಲಿ ಬಿಟ್ಟು ಸದ್ದು ಕೇಳಿಸಿದ್ದಾಗಿದೆ. ಕಾಲನ್ನು ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಇಳಿಬಿಟ್ಟಿದ್ದಾಗಿದೆ. ಸುಬ್ಬಮ್ಮ ಡಬ್ಬಿ ಹಿಡಿದು ಬಾಗಿದವರು ಬಾಗಿಯೇ ಇದ್ದಾರೆ. ಹುಡುಗಿ ಬಿಡುತ್ತಿಲ್ಲ. ಕಿಬ್ಬೊಟ್ಟೆ ಉಬ್ಬಿದೆ, ಒಳಗೆ ತುಂಬಿರುವುದು ಮುಟ್ಟಿದರೇ ತಿಳಿಯುತ್ತದೆ. ತೊಡೆ ಎರಡನ್ನೂ ಬಿಗಿಯಾಗಿ ಅಂಟಿಸಿಕೊಂಡು ನಡುಗುತ್ತಾ ಕೂತಿದ್ದಾಳೆ.

"ಮಾಡು ಚಿನ್ನ, ಸ್ವಲ್ಪ ಉರಿಯುತ್ತೆ ಅಷ್ಟೇ. ಅಮ್ಮ ಇದ್ದೀನಲ್ಲ" ಎನ್ನುತ್ತಾಳೆ ಮಾಧವಿ.

ನರ್ಸ್ ಒಮ್ಮೆ ಬಂದು ಇಣುಕಿ ಹೋಗುತ್ತಾಳೆ. ಎರಡನೇ ಸಲ ಬಂದಾಗ, "ಸುಬ್ಬಮ್ಮ, ಟ್ಯೂಬ್ ರೆಡಿ ಮಾಡ್ತಿದೀವಿ. ಇನ್ನು ಕಾಯೋದು ಬೇಡ ಅಂದ್ರು ಡಾಕ್ಟ್ರು" ಎನ್ನುತ್ತಾಳೆ.

"ಒಂದೈದು ನಿಮಿಷ ಕಣವ್ವ, ಒಂದೈದೇ ನಿಮಿಷ."

ಆಗ ಆರಾಧನಾ ಬಾಯಿ ತೆರೆಯುತ್ತಾಳೆ. "ಪೂಜೆ ಆಯ್ತಾ?"

ಸುಬ್ಬಮ್ಮನಿಗೆ ಅರ್ಥವಾಗುವುದಿಲ್ಲ. ಜ್ವರದ ಬಡಬಡಿಕೆ ಇರಬೇಕು ಎಂದು ಮಾಧವಿಯ ಮುಖ ನೋಡುತ್ತಾರೆ. ಮಾಧವಿಗೂ ತಿಳಿಯದು.

"ಪೂಜೆ ಆಯ್ತಾ?" ಹುಡುಗಿ ಈಗ ಅಳುತ್ತಲೇ ಕೇಳುತ್ತಾಳೆ.

"ಆಯ್ತು ಕಣವ್ವ, ಎಲ್ಲ ಆಯ್ತು" ಎಂದು ಸುಬ್ಬಮ್ಮ ಸುಮ್ಮನೆ ಸಮಾಧಾನಕ್ಕೆ ಹೇಳುತ್ತಾರೆ. ಹುಡುಗಿ ನಂಬುವುದಿಲ್ಲ. ಅವಳ ಕಣ್ಣು ಇರುವುದು ಹೊಸ್ತಿಲಾಚೆ ನಿಂತ ಅಜ್ಜಿಯ ಮೇಲೆ. ಸುಭದ್ರಾಬಾಯಿಯವರ ಮುಖದಲ್ಲಿ ರಕ್ತವಿಲ್ಲ.

ಅವರೊಬ್ಬರಿಗೆ ಅರ್ಥವಾಗಿದೆ. ಮಗ ಸಂಕರ್ಷಣ, ಸೊಸೆ ಮಾಧವಿ ಇಬ್ಬರೂ ಬೆಳಿಗ್ಗೆ ಬೇಗ ಕೆಲಸಕ್ಕೆ ಹೊರಡುತ್ತಾರೆ. ಮಗು ಏಳುವ ಹೊತ್ತಿಗೆ ಸುಭದ್ರಾಬಾಯಿ ಸ್ನಾನ ಮಾಡಿ, ಮಡಿಸೀರೆ ಉಟ್ಟು ದೇವರ ಮುಂದೆ ಕೂತಿರುತ್ತಾರೆ. ಪೂಜೆಯಾಗಿ, ಅಡುಗೆಯಾಗಿ, ನೈವೇದ್ಯವಾಗುವವರೆಗೆ ಮಗುವನ್ನು ಮುಟ್ಟುವಂತಿಲ್ಲ, ಬಚ್ಚಲಿಗೆ ಕರೆದೊಯ್ಯುವಂತಿಲ್ಲ. ಡೈಪರ್ ಬಿಡಿಸಿದ್ದೂ ಅವರೇ, ಹೆಮ್ಮೆಯಿಂದ. ಮೊಮ್ಮಗಳು ಬಂದು ಬಾಗಿಲಲ್ಲಿ ನಿಂತು "ಅಜ್ಜಿ, ಸುಸ್ಸು" ಎಂದರೆ, "ತಡ್ಕೋ ಪುಟ್ಟ, ಪೂಜೆ ಮುಗೀಲಿ" ಎನ್ನುತ್ತಿದ್ದರು. ಹುಡುಗಿ ತಡೆದುಕೊಂಡಳು. ದಿನವೂ ತಡೆದುಕೊಂಡಳು. ಎಷ್ಟು ಜಾಣೆ ನೋಡಿ, ಒಂದು ದಿನ ಒದ್ದೆ ಮಾಡಿಕೊಳ್ಳಲ್ಲ ಎಂದು ಬೀದಿಯ ತುಂಬ ಹೊಗಳಿಕೊಂಡೂ ಬಂದಿದ್ದರು.

ಸುಭದ್ರಾಬಾಯಿ ಹೊಸ್ತಿಲು ದಾಟುತ್ತಾರೆ. ಆ ಕೋಣೆಯ ನೆಲ ಹೇಗಿರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲೇ, ಆ ಒದ್ದೆಯಲ್ಲೇ ಸೀರೆಸಮೇತ ಕೂರುತ್ತಾರೆ. ಮೊಮ್ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಆಯ್ತು ಪುಟ್ಟ. ಪೂಜೆ ಆಯ್ತು. ನೀನು ಸುಸ್ಸು ಮಾಡು" ಎನ್ನುತ್ತಾರೆ.

ಹುಡುಗಿಯ ತೊಡೆ ಸಡಿಲವಾಗುತ್ತದೆ. ಉರಿಗೆ ಕಿಟಾರನೆ ಕಿರುಚುತ್ತಾಳೆ, ಅಜ್ಜಿಯ ಕುತ್ತಿಗೆಗೆ ಜೋತುಬೀಳುತ್ತಾಳೆ. ಸುಬ್ಬಮ್ಮನ ಕೈ ಮಾತ್ರ ಅಲುಗುವುದಿಲ್ಲ. ಮೊದಲನೆಯದನ್ನು ಬಿಟ್ಟು, ನಡುವಿನದನ್ನು ಹಿಡಿದು, ಮುಚ್ಚಳ ತಿರುಗಿಸಿ ನರ್ಸಿನ ಕೈಗೆ ಕೊಟ್ಟ ಮೇಲೆಯೇ ಅವರು ಗೋಡೆಗೆ ಒರಗುವುದು. ಡಬ್ಬಿಯಲ್ಲಿದ್ದದ್ದು ನೀರುಮಜ್ಜಿಗೆಯ ಹಾಗೆ ಕದಡಿತ್ತು. ಟ್ಯೂಬು ಬೇಕಾಗಲಿಲ್ಲ. ಗಳಿಗೆ ಕಳೆಯುವುದರೊಳಗೆ ಮಗುವಿನ ಕೈಗೆ ಸೂಜಿ ಚುಚ್ಚಿ, ವರದಿ ಬರುವವರೆಗೆಂದು ಒಂದು ಔಷಧಿ ಶುರು ಮಾಡಿದರು.

ಮಧ್ಯಾಹ್ನ ಕಾರಿಡಾರಿನ ಬೆಂಚಿನ ಮೇಲೆ ಸುಭದ್ರಾಬಾಯಿ ಸುಬ್ಬಮ್ಮನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಬೆಳಿಗ್ಗೆಯ ಸೀರೆಯಲ್ಲೇ ಇದ್ದಾರೆ. ಏನೂ ತಿಂದಿಲ್ಲ.

"ನನ್ನಿಂದಲೇ ಆಯ್ತೇನಮ್ಮ ಇದು?"

ಸ್ವಲ್ಪ ಮುಂಚೆ ಸುಬ್ಬಮ್ಮ ಡಾಕ್ಟರನ್ನು ಕೇಳಿದಾಗ, ತಡೆದುಕೊಂಡಿದ್ದೊಂದೇ ಕಾರಣ ಅನ್ನೋಕಾಗಲ್ಲ, ಆದರೆ ಅದೂ ಒಂದು ಕಾರಣ ಎಂದಿದ್ದರು. ಸುಬ್ಬಮ್ಮ ಅದನ್ನು ಹೇಳುವುದಿಲ್ಲ. ತಮ್ಮ ಮಗಳ ಕಥೆ ಹೇಳುತ್ತಾರೆ. ಎಣ್ಣೆ ಬಡಿದದ್ದು, ಕಾಯಿ ಒಡೆಸಿದ್ದು, ಎಲ್ಲ. "ಪ್ರೀತಿ ಇಲ್ದೆ ಮಾಡಿದ್ವಾ ನಾವು? ಇಲ್ಲ. ಆದ್ರೂ ಆಗೋಯ್ತು. ನಂದು ಕೈಮೀರಿದ ಮೇಲೆ ಗೊತ್ತಾಯ್ತು. ನಿಮ್ಗೆ ಒಂದು ಕಿಡ್ನಿ ಇನ್ನೂ ಚೆನ್ನಾಗಿರೋವಾಗ್ಲೇ ಗೊತ್ತಾಯ್ತಲ್ಲ, ಅಷ್ಟೇ." ಇಬ್ಬರೂ ಅಳುತ್ತಾರೆ. ಹಾದುಹೋಗುವವರು ಯಾರಿಗೋ ಏನೋ ಆಗಿಹೋಯಿತೆಂದು ತಿರುಗಿ ನೋಡುತ್ತಾರೆ.

ಎರಡು ದಿನಕ್ಕೆ ವರದಿ ಬರುತ್ತದೆ. ಈ ಸಲ ಒಂದೇ ಕ್ರಿಮಿ, ಸ್ಪಷ್ಟವಾಗಿ. ಹಿಂದೆ ಮೂರು ಸಲ ಕುಡಿಸಿದ ಸಿರಪ್‌ಗೆ ಅದು ಬಗ್ಗುವ ಜಾತಿಯದೇ ಅಲ್ಲ. ಔಷಧಿ ಬದಲಾಯಿಸಿದ ಮೇಲೆ ಜ್ವರ ಬಿಟ್ಟಿದೆ. ಎಡಗಡೆಯ ಕಿಡ್ನಿಗೆ ಆದದ್ದು ಆಗಿಹೋಗಿದೆ, ಅದು ಇನ್ನು ಬೆಳೆಯುವ ಭರವಸೆಯಿಲ್ಲ. ಬಲಗಡೆಯದು ಸದ್ಯಕ್ಕೆ ಚೆನ್ನಾಗಿದೆ. ರಾತ್ರಿ ಒಂದು ಡೋಸ್ ಔಷಧಿ ತಿಂಗಳುಗಟ್ಟಲೆ ನಡೆಯಬೇಕು, ಎರಡು ಮೂರು ಗಂಟೆಗೊಮ್ಮೆ ಬಚ್ಚಲಿಗೆ ಕರೆದೊಯ್ಯಬೇಕು. ಇನ್ನೊಂದು ಸೋಂಕು ಬಂದರೆ ಏನಾಗುತ್ತದೋ ಹೇಳಲಾಗದು ಎಂದು ಡಾಕ್ಟರ್ ವರದರಾಜ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ.

ಡಿಸ್ಚಾರ್ಜ್ ಆಗುವ ಬೆಳಿಗ್ಗೆ ಮೂವರೂ ಕೊನೆಯ ಕೋಣೆಗೆ ಬರುತ್ತಾರೆ. ಸುಬ್ಬಮ್ಮನ ಮುಂದೆ ಇನ್ಯಾವುದೋ ಮಗು, ಕೈಯಲ್ಲಿ ಡಬ್ಬಿ. ಅವರು ಏಳುವಂತಿಲ್ಲ. ಆರಾಧನಾ ಓಡಿಬಂದು ಅವರ ಬೆನ್ನಿಗೆ ಅಂಟಿಕೊಳ್ಳುತ್ತಾಳೆ.

ಯಾವ ಮಗು ಏನಾಯಿತು ಎಂದು ಯಾರೂ ತಿರುಗಿ ಬಂದು ಹೇಳುವುದಿಲ್ಲ ಸುಬ್ಬಮ್ಮನಿಗೆ. ತಿರುಗಿ ಬಂದ ಮಗು ಎಂದರೆ ತಿರುಗಿ ಜ್ವರ ಬಂದ ಮಗು. ಗುರುತಿನ ಮುಖ ಬಾಗಿಲಲ್ಲಿ ಕಂಡರೆ ಎದೆ ಧಸಕ್ಕೆನ್ನುತ್ತದೆ ಎನ್ನುತ್ತಾರೆ.

"ಬರ್ತೀವಿ ಸುಬ್ಬಮ್ಮ" ಎನ್ನುತ್ತಾಳೆ ಮಾಧವಿ, ಎಲ್ಲರೂ ಹೇಳುವ ಹಾಗೆ.

ಸುಬ್ಬಮ್ಮ ತಿರುಗುವುದಿಲ್ಲ. ಕಣ್ಣು ಎದುರಿನ ಮಗುವಿನ ಮೇಲೇ ಇದೆ. "ಇಲ್ಲಿ ಅಂಗನ್ಬಾರ್ದು ಕಣಮ್ಮ. ಹೋಗ್ತೀವಿ ಅನ್ನಿ. ಈ ಮುಖ ನಾನು ಇನ್ನೊಂದ್ಸಲ ನೋಡಬಾರ್ದು."

ಹುಟ್ಟಿದಾಗಿನಿಂದ ಹೋಗ್ತೀನಿ ಎಂಬ ಮಾತನ್ನು ಅಪಶಕುನವೆಂದು ಬಾಯಲ್ಲಿ ಆಡದ, ಆಡಿದವರನ್ನು ಗದರಿಸಿ ತಿದ್ದುತ್ತಿದ್ದ ಸುಭದ್ರಾಬಾಯಿ ಬಗ್ಗಿ ಮೊಮ್ಮಗಳನ್ನು ಎತ್ತಿಕೊಳ್ಳುತ್ತಾರೆ.

"ಹೇಳು ಪುಟ್ಟ. ಅಜ್ಜಿಗೆ ಹೋಗ್ತೀನಿ ಅಂತ ಹೇಳು."