ಓವನ್ ಎಂಬ ಪಾತ್ರೆ ಕಪಾಟು

ಆ ಶನಿವಾರ ಮಧ್ಯಾಹ್ನ ಫ್ರೀಮಾಂಟಿನ ನಮ್ಮ ಅಡುಗೆಮನೆಯಲ್ಲಿ ನಾಲ್ವರಿದ್ದೆವು. ಓವನ್ನಿನ ಮುಂದೆ ಮಂಡಿಯೂರಿದ್ದ ನಾನು, ಬೆನ್ನ ಹಿಂದೆ ಫೋನಿನ ಟಾರ್ಚು ಹಿಡಿದು ನಿಂತ ನನ್ನ ಹೆಂಡತಿ ಶಾರದೆ, ಊರಿಂದ ಬಂದು ನಮ್ಮಲ್ಲಿದ್ದ, ಮೇಜಿನ ಬಳಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅವಳ ತಾಯಿ, ಮತ್ತು ಹಸಿ ಕೇಕಿನ ತಟ್ಟೆಯನ್ನು ಹಸುಗೂಸಿನಂತೆ ಹಿಡಿದುಕೊಂಡಿದ್ದ ಪಕ್ಕದ ಮನೆಯ ರೋಸಾ.

ರೋಸಾಗೆ ಎಪ್ಪತ್ತು ದಾಟಿದೆ. ಗಂಡ ಹೆನ್ರಿ ಮೂರು ವಾರ ಆಸ್ಪತ್ರೆಯಲ್ಲಿದ್ದು ಅಂದು ಸಂಜೆ ಐದಕ್ಕೆ ಮನೆಗೆ ಬರುವವರಿದ್ದರು. ಆಸ್ಪತ್ರೆಯಲ್ಲಿ ಏನು ಕೊಟ್ಟರೂ ಎರಡು ಚಮಚಕ್ಕೇ ಮುಖ ತಿರುಗಿಸುತ್ತಿದ್ದ ಮನುಷ್ಯ ತಾನಾಗಿ ಬಾಯಿಬಿಟ್ಟು ಕೇಳಿದ್ದು ಒಂದೇ: ಹೆಂಡತಿಯ ಕೈಯ ಸೇಬಿನ ಕೇಕು. ರೋಸಾರ ಅಡುಗೆಮನೆಯೋ ರಿಪೇರಿಗೆಂದು ಕಿತ್ತುಹಾಕಿದ ಸ್ಥಿತಿಯಲ್ಲಿತ್ತು. ಹಿಂದಿನ ದಿನ ಬೇಲಿಯಾಚೆಯಿಂದ ಅವರು ಸಂಕೋಚಪಡುತ್ತಾ ಕೇಳಿದಾಗ, "ಅದಕ್ಕೇನಂತೆ, ನಮ್ಮ ಓವನ್ನು ಇದೆಯಲ್ಲ" ಎಂದು ಧಾರಾಳವಾಗಿ ಮಾತು ಕೊಟ್ಟವನು ನಾನೇ.

ಮಾತು ಕೊಡುವಾಗ ನನಗೆ ನೆನಪಾಗದ ಸಂಗತಿಯೊಂದಿತ್ತು. ಈ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ನಾವು ಓವನ್ನು ಹೊತ್ತಿಸಿದ್ದು ಎರಡೋ ಮೂರೋ ಸಲ. ನಮ್ಮಲ್ಲಿ ಅದು ಪಾತ್ರೆ ಕಪಾಟು. ಬಾಣಲೆಗಳು, ಒಬ್ಬಟ್ಟಿನ ಹೆಂಚು, ಮುಚ್ಚಳ ಕಳೆದುಕೊಂಡ ಡಬ್ಬಿಗಳು, ಡಬ್ಬಿ ಕಳೆದುಕೊಂಡ ಮುಚ್ಚಳಗಳು ಎಲ್ಲ ಅಲ್ಲೇ ಸಂಸಾರ ಹೂಡಿವೆ. ನಮ್ಮವರ ಮನೆಗಳಲ್ಲಿ ಇದೇನೂ ವಿಶೇಷವಲ್ಲ. ಸ್ಯಾನ್ ಹೊಸೆಯ ಗೆಳೆಯರೊಬ್ಬರು ಓವನ್ನಿನೊಳಗಿಂದ ಮದುವೆಯ ಆಲ್ಬಮ್ಮು ತೆಗೆದು ತೋರಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಂತೂ ಎಲ್ಲವನ್ನೂ ಹೊರಗೆಳೆದು ನೆಲದ ಮೇಲೆ ಹರಡಿದಾಗ ರೋಸಾ ಬೆರಗಾಗಿ, ನೀವು ಹೋಟೆಲ್ಲು ನಡೆಸುತ್ತೀರಾ ಎಂದು ಕೇಳಿದರು.

ಕಪಾಟು ಖಾಲಿಯಾಯಿತು, ಆದರೆ ಓವನ್ನಾಗಲಿಲ್ಲ. ಗುಂಡಿ ತಿರುಗಿಸಿದರೆ ಒಳಗಿನ ಕಂಬಿಯೇನೋ ಕೆಂಪಗೆ ಕಾಯುತ್ತಿತ್ತು, ಉರಿ ಮಾತ್ರ ಬರುತ್ತಿರಲಿಲ್ಲ. ಮೇಲಿನ ನಾಲ್ಕೂ ಒಲೆಗಳು ಚೆನ್ನಾಗಿಯೇ ಹತ್ತುತ್ತಿದ್ದವು. ಇಪ್ಪತ್ತು ವರ್ಷ ಸಾಫ್ಟ್‌ವೇರ್ ಬರೆದವನಿಗೆ ಗೊತ್ತಿರುವ ಚಿಕಿತ್ಸೆ ಒಂದೇ. ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಆಫ್ ಮಾಡಿ, ಸ್ವಲ್ಪ ಹೆಚ್ಚು ಭಕ್ತಿಯಿಂದ ಆನ್ ಮಾಡಿದೆ. ರಿಪೇರಿಯವನಿಗೆ ಫೋನು ಮಾಡಿದರೆ ಮಂಗಳವಾರ ಬರುತ್ತೇನೆಂದ. ಕೇಕು ಬೇಯಲು ಒಂದು ಗಂಟೆ ಬೇಕು; ಸೋಡಾ ಹಾಕಿ ಕಲಸಿದ ಹಿಟ್ಟು ಮಂಗಳವಾರದವರೆಗೆ ಕಾಯುವುದಿಲ್ಲ. ಆಗಲೇ ಮೂರೂವರೆ. ರೋಸಾ ಗಡಿಯಾರ ನೋಡುವುದನ್ನು ಬಿಟ್ಟು ನನ್ನ ಮುಖ ನೋಡತೊಡಗಿದರು. ಗಡಿಯಾರವೇ ವಾಸಿಯಿತ್ತು.

ಬೆಂಕಿಪೊಟ್ಟಣ ದುಬಾರಿಯಾಗಿದ್ದ ಕಾಲದಲ್ಲಿ ಒಲೆ ಆರಿಹೋದರೆ ಪಕ್ಕದ ಮನೆಗೆ ಹೋಗಿ ಬೆರಣಿಯ ಮೇಲೆ ಕೆಂಡ ತರುತ್ತಿದ್ದರು ಎಂದು ನನ್ನಜ್ಜಿ ಹೇಳುತ್ತಿದ್ದರು. ಜಗಳವಾಡಿ ಮಾತು ಬಿಟ್ಟ ಮನೆಯವರೂ ಕೆಂಡಕ್ಕೆ ಇಲ್ಲವೆನ್ನುತ್ತಿರಲಿಲ್ಲವಂತೆ. ನಾನು ನೋಡಿದರೆ, ಜಗಳವೂ ಇಲ್ಲದ, ವರ್ಷವರ್ಷ ಬುಟ್ಟಿ ತುಂಬ ನಿಂಬೆಹಣ್ಣು ಕೊಡುವ ಹೆಂಗಸನ್ನು ಹಸಿ ಹಿಟ್ಟಿನೊಂದಿಗೆ ವಾಪಸು ಕಳಿಸುವವನಿದ್ದೆ.

"ರೀ, ಏಳಿ ಅತ್ಲಾಗೆ" ಎಂದು ಶಾರದೆ ನನ್ನನ್ನು ಸರಿಸಿ, ಓವನ್ನಿನ ಕೆಳಗಿನ ಡ್ರಾಯರನ್ನು ಪೂರ್ತಿ ಎಳೆದು ತೆಗೆದಳು. ಹಿಂದೆ ಗ್ಯಾಸಿನ ಪೈಪು, ಅದರ ತುದಿಯಲ್ಲೊಂದು ಪುಟ್ಟ ಹಿಡಿ ಕಂಡವು. ಮೇಜಿನ ಕಡೆಯಿಂದ ದನಿ ಬಂತು:

"ಅದನ್ನ ಆಫ್ ಮಾಡಿದ್ದು ನಾನೇ ಕಣೆ."

ಇಬ್ಬರೂ ತಿರುಗಿದೆವು.

"ಹಂಗ್ಯಾಕ್ ನೋಡ್ತೀರಾ ಅಳಿಯಂದ್ರೆ? ಮಲಗೋಕ್ ಮುಂಚೆ ರೆಗ್ಯುಲೇಟರ್ ಆಫ್ ಮಾಡ್ಬೇಕೋ ಬೇಡ್ವೋ? ಸಿಲಿಂಡರ್ರೇ ಇಲ್ಲ ಅಂತೀರಿ. ಬಂದಾಗಿಂದ ನಿದ್ದೆ ಇಲ್ಲ ನಂಗೆ. ಸೌಟು ಹಿಂದಕ್ ಬಿತ್ತು ಅಂತ ಡ್ರಾಯರ್ ತೆಗೆದ್ರೆ ಇದು ಸಿಕ್ತು, ತಿರುಗಿಸ್ದೆ. ಆವತ್ತಿಂದ ಹಾಯಾಗಿ ನಿದ್ದೆ."

"ಬೆಳಿಗ್ಗೆ ಆನ್ ಮಾಡೋದಲ್ವೇನಮ್ಮ?"

"ಮರೆತೆ. ಆದ್ರೂ ಒಲೆ ಹತ್ತಿತು. ಈ ದೇಶದ ಗ್ಯಾಸು ಆಫ್ ಮಾಡಿದ್ರೂ ಉರಿಯುತ್ತೆ ಅಂದ್ಕೊಂಡೆ!"

ಆ ಹಿಡಿ ಓವನ್ನಿಗೆ ಹೋಗುವ ಗ್ಯಾಸನ್ನಷ್ಟೇ ತಡೆಯುತ್ತದೆಂದು ಆ ಕ್ಷಣದವರೆಗೆ ನನಗೂ ಗೊತ್ತಿರಲಿಲ್ಲ. ಬೈಯಲು ಬಾಯಿ ಬರಲಿಲ್ಲ. ನಮ್ಮ ಮನೆಯಲ್ಲೂ ಬಾಗಿಲ ಚಿಲಕ, ಗ್ಯಾಸಿನ ರೆಗ್ಯುಲೇಟರು ಎರಡನ್ನೂ ಮುಟ್ಟಿ ನೋಡದೆ ಅಮ್ಮ ಹಾಸಿಗೆಗೆ ಬರುತ್ತಿರಲಿಲ್ಲ. ಅಜ್ಜಿಯ ಕಾಲಕ್ಕೆ ಬೆಂಕಿ ಆರಿಹೋದೀತೆಂಬ ಭಯ, ಅಮ್ಮಂದಿರ ಕಾಲಕ್ಕೆ ಆರದೆ ಉಳಿದೀತೆಂಬ ಭಯ. ನನ್ನ ಕಾಲಕ್ಕೆ ಬೆಂಕಿ ಎಲ್ಲಿಂದ ಬರುತ್ತದೆಂಬುದೇ ಗೊತ್ತಿಲ್ಲ. ಭಯಪಡಲಿಕ್ಕೂ ಒಂದಿಷ್ಟು ತಿಳಿವಳಿಕೆ ಬೇಕು.

ಶಾರದೆ ಕಿಟಕಿ ತೆರೆದು ಹಿಡಿ ತಿರುಗಿಸಿದಳು. ನಾನು ಗುಂಡಿ ತಿರುಗಿಸಿದೆ. ಕಂಬಿ ಕೆಂಪಾಯಿತು, ನಾಲ್ವರೂ ಬಗ್ಗಿ ನೋಡಿದೆವು. ಒಳಗೆ ಮೆಲ್ಲಗೆ ಭುಸ್ಸೆಂದು ನೀಲಿ ಉರಿ ಸಾಲಾಗಿ ಎದ್ದಿತು. ವಿಷಯ ತಿಳಿದ ರೋಸಾ ನಕ್ಕು ನಕ್ಕು ಕಣ್ಣೊರೆಸಿಕೊಂಡು, ತಟ್ಟೆಯನ್ನು ಒಳಗಿಟ್ಟವರೇ ಹೋಗಿ ಅತ್ತೆಯನ್ನು ತಬ್ಬಿದರು. ಅತ್ತೆ ಕೈಲಿದ್ದ ಹುರುಳಿಕಾಯಿಯ ಸಮೇತ ತಬ್ಬಿಸಿಕೊಂಡರು. ಐದಕ್ಕೆ ಹತ್ತು ನಿಮಿಷವಿರುವಾಗ ಬಿಸಿ ಕೇಕು ಬೇಲಿ ದಾಟಿತು.

ಸಂಜೆ ನಾವು ಹಿತ್ತಲಲ್ಲಿ ಕಾಫಿ ಕುಡಿಯುತ್ತಿದ್ದಾಗ ಆ ಕಡೆಯಿಂದ ರೋಸಾರ ಜೋರು ದನಿ ಕೇಳಿತು.

"ಏನಂತೆ? ಯಾರನ್ನ ಬೈತಿದಾರೆ?" ಎಂದರು ಅತ್ತೆ.

"ಗಂಡನ್ನಮ್ಮ. ಮೂರನೇ ತುಂಡಿಗೆ ಕೈ ಹಾಕಿದ್ರಂತೆ."

"ಸದ್ಯ" ಎಂದು ಅತ್ತೆ ಲೋಟದಲ್ಲಿದ್ದ ಕಾಫಿ ಮುಗಿಸಿದರು.